ಅಟ್ಲಾಂಟಿಕ್‌ಗೆ ಏಳು ರಾತ್ರಿಯ ಬುತ್ತಿ

ಮಗಳ ಬಾಣಂತನಕ್ಕೆಂದೋ ಮಗನ ಹೊಸ ಮನೆಯ ವಾಸ್ತುಶಾಂತಿಗೆಂದೋ ಅಮೆರಿಕಕ್ಕೆ ಹೋಗಿಬರುವುದು ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಭಾಗದ ಹಿರಿಯರಿಗೆ ಈಗ ಅಪರೂಪವಲ್ಲ. ಹೋಗಿಬಂದವರನ್ನು ಕೇಳಿ ನೋಡಿ. ಮೊಮ್ಮಗನ ಮಾತು ಮುಗಿದ ಮೇಲೆ ಬರುವುದು ವಿಮಾನದ ಮಾತು: ಕೂತು ಕೂತು ಕಾಲು ಬಾತವು, ಇಳಿದ ಮೇಲೆ ವಾರಗಟ್ಟಲೆ ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ. ಕಿತ್ತೂರಿನ ಹತ್ತಿರದ ದೇಗಾಂವದಿಂದ ಹೊರಡುವ ಇಂಥ ಹಿರಿಯರಿಗೆ ಇನ್ನೊಂದು ದಾರಿಯಿದೆ ಎಂಬುದು ಮಕ್ಕಳಿಗೂ ಗೊತ್ತಿರುವುದಿಲ್ಲ. ಆ ದಾರಿಯ ತಯಾರಿ ಹೇಗೆ ಎಂದು ನಮ್ಮ ಅಡುಗೆಮನೆ, ನಮ್ಮ ಪೂಜೆ, ನಮ್ಮ ಮಂಡಿನೋವುಗಳನ್ನು ಮುಂದಿಟ್ಟುಕೊಂಡು ಯಾರೂ ಹೇಳಿಕೊಡುವುದಿಲ್ಲ. ಅದಕ್ಕಾಗಿ ಈ ಬರಹ.

ಲಂಡನ್‌ವರೆಗೆ ವಿಮಾನ. ಅಲ್ಲಿಂದ ಬಸ್ಸಿನಲ್ಲೋ ರೈಲಿನಲ್ಲೋ ಸೌತಾಂಪ್ಟನ್ ಬಂದರು. ಅಲ್ಲಿಂದ ಏಳು ರಾತ್ರಿ ಹಡಗು, ಎಂಟನೆಯ ದಿನ ಬೆಳಿಗ್ಗೆ ನ್ಯೂಯಾರ್ಕ್. ಅಟ್ಲಾಂಟಿಕ್ ಸಾಗರದ ಈ ದಾರಿಯಲ್ಲಿ ನಿಯಮಿತವಾಗಿ ಪ್ರಯಾಣಿಕರನ್ನು ದಾಟಿಸುವ ಲೈನರ್ ಇಂದು ಒಂದೇ ಉಳಿದಿದೆ: ಕ್ಯುನಾರ್ಡ್ ಕಂಪನಿಯ ಕ್ವೀನ್ ಮೇರಿ 2. ಇದು ಅಗ್ಗದ ದಾರಿಯಲ್ಲ, ಎಲ್ಲರ ಕೈಗೆಟುಕುವುದೂ ಇಲ್ಲ. ಆದರೆ ಮಕ್ಕಳು ಖರ್ಚು ಹೊರುವಂತಿದ್ದರೆ, ಐದಾರು ತಿಂಗಳ ಮಟ್ಟಿಗೆ ಹೊರಟ ತಂದೆತಾಯಿಗೆ ಒಂದು ವಾರ ಹೆಚ್ಚೇನಲ್ಲ. ಬದುಕಿನಲ್ಲಿ ಒಮ್ಮೆಯಾದರೂ, ಅದೂ ಪಶ್ಚಿಮಕ್ಕೆ ಹೋಗುವಾಗ, ಈ ದಾರಿ ಹಿಡಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪಶ್ಚಿಮಕ್ಕೆ ಹೋಗುವಾಗ ಎಂದು ಒತ್ತಿ ಹೇಳಲು ಕಾರಣವಿದೆ. ಲಂಡನ್‌ಗೂ ನ್ಯೂಯಾರ್ಕ್‌ಗೂ ಐದು ಗಂಟೆಯ ಅಂತರ. ಹಡಗು ಪಶ್ಚಿಮಕ್ಕೆ ಸಾಗುವಾಗ ಐದು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಆ ದಿನಗಳಿಗೆ 25 ಗಂಟೆ. ಒಂದು ತಾಸು ಹೆಚ್ಚು ಮಲಗಬಹುದು, ಮೈಗೆ ಗೊತ್ತೇ ಆಗದಂತೆ ಹೊತ್ತು ಬದಲಾಗುತ್ತದೆ, ನ್ಯೂಯಾರ್ಕ್‌ನಲ್ಲಿ ಇಳಿದ ದಿನವೇ ಮೊಮ್ಮಗುವನ್ನು ಎತ್ತಿಕೊಳ್ಳುವ ತ್ರಾಣ ಇರುತ್ತದೆ. ಪೂರ್ವಕ್ಕೆ ಬರುವಾಗ ಇದೇ ಲೆಕ್ಕ ತಿರುಗುಮುರುಗು, ಒಂದೊಂದು ಗಂಟೆ ಕಳೆದುಹೋಗುತ್ತದೆ. ಆದ್ದರಿಂದ ಹೋಗುವಾಗ ಹಡಗು, ಬರುವಾಗ ವಿಮಾನ. ಟಿಕೆಟ್ ತೆಗೆಸುವಾಗ ಭಾರತದಿಂದ ಲಂಡನ್, ನ್ಯೂಯಾರ್ಕ್‌ನಿಂದ ಭಾರತ ಎಂದು ಮಲ್ಟಿ-ಸಿಟಿ ಟಿಕೆಟ್ ಕೇಳಬೇಕು. ಎರಡು ಒಂಟಿ ಟಿಕೆಟ್‌ಗಳಿಗಿಂತ ಅದು ಸಾಮಾನ್ಯವಾಗಿ ಕಡಿಮೆಗೆ ಬೀಳುತ್ತದೆ.

ಸಮುದ್ರ ನಮಗೆ ಹೊಸದಲ್ಲ

ದೇಗಾಂವದವರಿಗೆ ಹಡಗು ಯಾಕೆ ಎಂದು ಯಾರಾದರೂ ಕೇಳಿದರೆ ಊರಿನ ಕಮಲನಾರಾಯಣ ಗುಡಿಯನ್ನು ತೋರಿಸಬೇಕು. 12ನೇ ಶತಮಾನದಲ್ಲಿ ಅದನ್ನು ಕಟ್ಟಿಸಿದ ಕಮಲಾದೇವಿ ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ. ಆ ಮನೆತನದ ಅರಸರು ಪಶ್ಚಿಮ ಸಮುದ್ರಾಧೀಶ್ವರ ಎಂಬ ಬಿರುದು ಹೊತ್ತವರು. ಧಾರವಾಡದ ಹತ್ತಿರದ ನರೇಂದ್ರದ ಶಾಸನದಲ್ಲಿ ಅದೇ ವಂಶದ ಚಟ್ಟಯ್ಯದೇವ ಗೋವೆಯಿಂದ ಸೌರಾಷ್ಟ್ರದವರೆಗೆ ಹಡಗುಗಳಲ್ಲಿ ವೈಭವದಿಂದ ಸಾಗಿದ ವರ್ಣನೆಯಿದೆ. ಕಲ್ಲಿನ ಗುಡಿಯೂ ಕಡಲಿನ ಹಡಗೂ ಒಂದೇ ಅರಸುಮನೆಯವು ಎಂಬುದನ್ನು ನಾವು ಮರೆತು ಬಹಳ ಕಾಲವಾಯಿತು.

ಹತ್ತಿರದ ಕಾಲಕ್ಕೆ ಬಂದರೆ, ಗೋಕಾಕ ತಾಲ್ಲೂಕಿನ ಮಮದಾಪುರದ ಡಿ.ಸಿ. ಪಾವಟೆ 1920ರ ದಶಕದಲ್ಲಿ ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆದರು. ಸವಣೂರಿನ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡ್‌ಗೆ ಹೊರಟರು. ಆ ಕಡಲಿನ ಒಡನಾಟ ಕನ್ನಡಕ್ಕೆ ‘ಸಮುದ್ರಗೀತೆಗಳು’ ಸಂಕಲನವನ್ನು ಕೊಟ್ಟಿತು. ನನಗೆ ಇನ್ನೂ ಹತ್ತಿರವೆನಿಸುವವರು ಎ.ಕೆ. ರಾಮಾನುಜನ್. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಪಾಠ ಹೇಳುತ್ತ, ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ಬಾಯಿಂದ ಹಂಚಿ ಎಂಬ ಹುಡುಗಿಯ ಕಥೆಯಂಥ ಜನಪದ ಕಥೆಗಳನ್ನು ಬರೆದುಕೊಂಡವರು ಅವರು. 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಮುಂಬಯಿಯಿಂದ ಹಡಗು ಹತ್ತಿ ಅಮೆರಿಕದ ದಾರಿ ಹಿಡಿದರು, ದಾರಿಯುದ್ದಕ್ಕೂ ದಿನಚರಿ ಬರೆದರು. ಅಷ್ಟು ಹೊತ್ತಿಗೆ ಗಾಳಿ ತಿರುಗಿತ್ತು. 1958ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳು ಓಡಾಟ ಶುರುಮಾಡಿದ್ದವು. ಹತ್ತೇ ವರ್ಷದಲ್ಲಿ ದೊಡ್ಡ ದೊಡ್ಡ ಲೈನರ್‌ಗಳು ಒಂದೊಂದಾಗಿ ಸೇವೆಯಿಂದ ಹೊರಬಿದ್ದವು. ಮೊದಲ ಕ್ವೀನ್ ಮೇರಿ 1967ರಲ್ಲಿ ನಿವೃತ್ತವಾಯಿತು.

ಈಗಿನ ಕ್ವೀನ್ ಮೇರಿ 2 ಫ್ರಾನ್ಸಿನ ಸೇಂಟ್ ನಝೇರ್ ಹಡಗುಕಟ್ಟೆಯಲ್ಲಿ ತಯಾರಾಗಿ 2004ರ ಜನವರಿಯಲ್ಲಿ ಮೊದಲ ಯಾತ್ರೆ ಹೊರಟಿತು. ಉದ್ದ 345 ಮೀಟರ್, ಸುಮಾರು 2,700 ಪ್ರಯಾಣಿಕರು. ದೂರದ ಬಂದರುಗಳನ್ನು ಸುತ್ತಿಸಿ ತರುವ ಕ್ರೂಸ್ ಹಡಗು ಬೇರೆ, ಇದು ಬೇರೆ. ಅಟ್ಲಾಂಟಿಕ್ ಅಲೆಗಳನ್ನು ಸೀಳಲೆಂದೇ ಇದಕ್ಕೆ ಉದ್ದನೆಯ ಚೂಪು ಮೂತಿ, ದಪ್ಪ ಉಕ್ಕಿನ ಒಡಲು, 30 ನಾಟ್‌ವರೆಗೆ ಓಡಬಲ್ಲ ಯಂತ್ರ. ಜೀವರಕ್ಷಕ ದೋಣಿಗಳನ್ನೂ ಬೇರೆ ಹಡಗುಗಳಿಗಿಂತ ಎತ್ತರದಲ್ಲಿ, ಅಲೆ ತಾಗದಂತೆ ಕಟ್ಟಿದ್ದಾರೆ. ಅವ್ವ ಅಂಜಿದರೆ ಇದನ್ನು ಹೇಳಿ.

ಕಾಗದಪತ್ರ

ಮೊದಲು ಅಮೆರಿಕದ ವೀಸಾ, ಆಮೇಲೆ ಇಂಗ್ಲೆಂಡಿನದು, ಕೊನೆಗೆ ವಿಮಾನದ ಟಿಕೆಟ್. ಈ ಕ್ರಮ ತಪ್ಪಿದರೆ ದುಡ್ಡು ಹೋಗುತ್ತದೆ. ಅಮೆರಿಕದ ಸಂದರ್ಶಕ ವೀಸಾದ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಇಂಗ್ಲೆಂಡಿನ ಸಂದರ್ಶಕ ವೀಸಾಕ್ಕಾದರೋ ಪ್ರಯಾಣಕ್ಕೆ ಮೂರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು, ಅದಕ್ಕಿಂತ ಮುಂಚೆ ತೆಗೆದುಕೊಳ್ಳುವುದಿಲ್ಲ. ಅದರ ಬೆರಳಚ್ಚಿಗೆ ಬೆಂಗಳೂರಿಗೆ ಹೋದರೆ ಸಾಕು. ‘ಲಂಡನ್‌ನಲ್ಲಿ ಇಳಿದು ಹಡಗು ಹತ್ತೋದಷ್ಟ, ವೀಸಾ ಯಾಕ?’ ಎಂದು ಅಪ್ಪ ಕೇಳಬಹುದು. ಬೇಕೇ ಬೇಕು. ವಿಮಾನ ನಿಲ್ದಾಣದಿಂದ ಹೊರಗೆ ಬರುತ್ತೀರಿ, ಸೌತಾಂಪ್ಟನ್‌ನಲ್ಲಿ ರಾತ್ರಿ ಉಳಿಯುತ್ತೀರಿ. ಕೆಲವು ಯಾತ್ರೆಗಳಲ್ಲಿ ಹಡಗು ಜರ್ಮನಿಯ ಹ್ಯಾಂಬರ್ಗ್‌ನಿಂದ ಹೊರಡುತ್ತದೆ ಅಥವಾ ಫ್ರಾನ್ಸಿನ ಬಂದರಿಗೆ ಹೋಗುತ್ತದೆ. ಅಂಥದ್ದಕ್ಕೆ ಷೆಂಗೆನ್ ವೀಸಾ ಕೂಡ ಬೇಕಾಗುತ್ತದೆ, ನೇರವಾಗಿ ನ್ಯೂಯಾರ್ಕ್‌ಗೆ ಹೋಗುವುದನ್ನೇ ಆರಿಸಿ.

ಹಡಗು ಹೊರಡುವ ದಿನವೇ ಲಂಡನ್‌ಗೆ ಇಳಿಯುವ ಸಾಹಸ ಬೇಡ. ಮುಂಬಯಿಯಲ್ಲಿ ಮಳೆ ಹೆಚ್ಚಾಗಿ ವಿಮಾನ ತಡವಾಯಿತು ಅಂದುಕೊಳ್ಳಿ, ಹಡಗು ಕಾಯುವುದಿಲ್ಲ. ಎರಡು ದಿನ ಮುಂಚೆ ಹೋಗಿ ಸೌತಾಂಪ್ಟನ್‌ನಲ್ಲಿ ಉಳಿದರೆ ಭಾರತದಿಂದ ಇಂಗ್ಲೆಂಡಿನವರೆಗಿನ ಆಯಾಸವೂ ಕಳೆಯುತ್ತದೆ. ಆ ಬಂದರಿನಲ್ಲಿ ಹಡಗು ಹತ್ತುವ ಟರ್ಮಿನಲ್‌ಗಳು ಹಲವಿವೆ, ಟಿಕೆಟ್‌ನಲ್ಲಿ ಯಾವುದೆಂದು ನೋಡಿಕೊಂಡೇ ಟ್ಯಾಕ್ಸಿ ಹತ್ತಬೇಕು.

ವಿಮೆಯ ಬಗ್ಗೆ ಜಿಪುಣತನ ಮಾಡಬೇಡಿ. ಸೋಮನಾಥ ಯಾತ್ರೆಗೆ ಹೊರಟ ಕದಂಬ ಗೂಹಲ್ಲದೇವನ ಹಡಗಿನ ಕೂವೆಮರ ಮುರಿದು, ಗೋವೆಯ ಬಂದರಿನಲ್ಲಿ ಮದುಮೋದ ಎಂಬ ಸಿರಿವಂತ ವರ್ತಕ ಆಸರೆ ಕೊಟ್ಟನೆಂದು ಕದಂಬರ ತಾಮ್ರಪಟ ಹೇಳುತ್ತದೆ. ಕರಾವಳಿ ಹತ್ತಿರವಿದ್ದುದರಿಂದ ಅದು ನಡೆಯಿತು. ಅಟ್ಲಾಂಟಿಕ್‌ನ ನಟ್ಟನಡುವೆ ಹೆಲಿಕಾಪ್ಟರ್ ಕೂಡ ಬರಲಾರದು. ಹಡಗಿನಲ್ಲಿ ವೈದ್ಯರು, ನರ್ಸ್‌ಗಳು, ಸಣ್ಣ ಆಸ್ಪತ್ರೆ ಇದ್ದರೂ ಪ್ರತಿಯೊಂದಕ್ಕೂ ಡಾಲರ್ ಬಿಲ್ ಬರುತ್ತದೆ. ಹಳೆಯ ಕಾಯಿಲೆಗಳನ್ನು ಮುಚ್ಚಿಡದೆ ಬರೆಸಿದ, ಹಡಗು ಪ್ರಯಾಣಕ್ಕೂ ಅನ್ವಯಿಸುವ, ತುರ್ತು ಸಾಗಾಟದ ಖರ್ಚು ಕೊಡುವ ವಿಮೆಯೇ ಬೇಕು. ಕಳೆದ ವರ್ಷವಷ್ಟೇ ಸ್ಟೆಂಟ್ ಹಾಕಿಸಿಕೊಂಡವರು ತಮ್ಮ ವೈದ್ಯರ ಅನುಮತಿ ಇಲ್ಲದೆ ಹೊರಡಬಾರದು. ಗುಳಿಗೆಗಳೆಲ್ಲ ಕೈಚೀಲದಲ್ಲೇ ಇರಲಿ, ಜೊತೆಗೆ ಔಷಧದ ಮೂಲ ಹೆಸರು ಬರೆದ ಇಂಗ್ಲಿಷ್ ಚೀಟಿ. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲಿ ಒಪ್ಪಿಸಿದರೆ ಅವು ಕೋಣೆ ಬಾಗಿಲಿಗೆ ಬರುವಾಗ ಸಂಜೆಯಾಗಬಹುದು, ಮಧ್ಯಾಹ್ನದ ಸಕ್ಕರೆ ಗುಳಿಗೆ ಅದರೊಳಗೆ ಸಿಕ್ಕಿಕೊಂಡರೆ ಕಷ್ಟ.

ಕೋಣೆ, ತಿಂಗಳು, ಹೊಯ್ದಾಟ

ಬಾಲ್ಕನಿ ಇರುವ ಕೋಣೆಗೆ ಹೆಚ್ಚು ದುಡ್ಡು ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಹಡಗು ಎದುರುಗಾಳಿಗೆ ಮುಖಮಾಡಿ ವೇಗವಾಗಿ ಸಾಗುವಾಗ ಅಲ್ಲಿ ಕೂತು ಚಹಾ ಕುಡಿಯುವ ಹವೆ ಸಿಗುವುದೇ ಅಪರೂಪ. ಆ ದುಡ್ಡಿನಲ್ಲಿ ನಟ್ಟನಡುವಿನ, ಕೆಳಗಿನ ಅಂತಸ್ತಿನ, ಕಿಟಕಿಯಿರುವ ಕೋಣೆ ತೆಗೆದುಕೊಳ್ಳಿ. ಮೂತಿಯ ಕಡೆ, ಬಾಲದ ಕಡೆ, ಮೇಲ್ಗಡೆ ಹೋದಷ್ಟೂ ತೂಗಾಟ ಹೆಚ್ಚು. ತೊಟ್ಟಿಲಿನ ಅಂಚಿಗಿಂತ ನಡುವೆ ಮಲಗಿದ ಕೂಸಿಗೆ ತೂಗು ಕಡಿಮೆ ತಾಗುವಂತೆ, ಇಲ್ಲಿಯೂ ನಡುವಿನವರೇ ಸುಖಿಗಳು. ಒಬ್ಬರೇ ಹೊರಟವರು ಇಬ್ಬರ ಕೋಣೆ ಹಿಡಿದರೆ ಇಮ್ಮಡಿಗೆ ಹತ್ತಿರದ ಬೆಲೆ ತೆರಬೇಕಾಗುತ್ತದೆ. 2016ರ ನವೀಕರಣದಲ್ಲಿ ಒಂಟಿ ಪ್ರಯಾಣಿಕರಿಗೆಂದೇ 15 ಕೋಣೆ ಸೇರಿಸಿದ್ದಾರೆ. ಅವು ಬೇಗ ಮುಗಿದುಹೋಗುತ್ತವೆ, ಒಂದೂವರೆ ವರ್ಷ ಮುಂಚೆಯೇ ವಿಚಾರಿಸಬೇಕು.

ನವೆಂಬರಿನಿಂದ ಮಾರ್ಚ್‌ವರೆಗೆ ಉತ್ತರ ಅಟ್ಲಾಂಟಿಕ್ ಒರಟು. ಹಿರಿಯರಿಗೆ ಜೂನ್‌ನಿಂದ ಆಗಸ್ಟ್ ಒಳ್ಳೆಯದು. ಆಗ ಮಂಜು ಹೆಚ್ಚು ಎಂಬುದು ನಿಜ. ನ್ಯೂಫೌಂಡ್‌ಲ್ಯಾಂಡ್ ಬಳಿ ಲ್ಯಾಬ್ರಡಾರ್‌ನ ತಣ್ಣೀರಿನ ಪ್ರವಾಹವೂ ಗಲ್ಫ್ ಸ್ಟ್ರೀಮ್‌ನ ಬಿಸಿನೀರಿನ ಪ್ರವಾಹವೂ ಕೂಡುವುದರಿಂದ ಬೆಚ್ಚನೆಯ ಗಾಳಿ ತಣ್ಣೀರಿನ ಮೇಲೆ ಬಂದು ದಟ್ಟ ಮಂಜಾಗುತ್ತದೆ. ಅಂಥ ಹೊತ್ತಿನಲ್ಲಿ ಹೆಚ್ಚೆಂದರೆ ಎರಡು ನಿಮಿಷಕ್ಕೊಮ್ಮೆ ಹಡಗು ಉದ್ದನೆಯ ಕಹಳೆ ಊದಬೇಕೆಂಬುದು ಸಮುದ್ರದ ನಿಯಮ. ರಾತ್ರಿ ಆ ಸದ್ದು ಕೇಳಿ ಎದ್ದು ಕೂರಬೇಡಿ, ಅಪಾಯವೇನೂ ಆಗಿಲ್ಲ.

ಹೊಟ್ಟೆ ತೊಳಸುವುದಕ್ಕೆ ಮದ್ದು ತೊಳಸುವ ಮುಂಚೆಯೇ ಆಗಬೇಕು. ಘಾಟಿಯ ಬಸ್ಸಿಗೆ ನಮ್ಮವರು ನುಂಗುವ ಅವೊಮಿನ್ ಗುಳಿಗೆ ಇಲ್ಲಿಯೂ ಕೆಲಸಕ್ಕೆ ಬರುತ್ತದೆ, ಆದರೆ ನಿದ್ದೆ ಬರಿಸುತ್ತದೆ. ಕಣ್ಣಿನ ಒತ್ತಡ, ಪ್ರೊಸ್ಟೇಟ್ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಒಣಶುಂಠಿ ಜೊತೆಗಿರಲಿ. ಬರಿಹೊಟ್ಟೆಯಲ್ಲಿ ಮಲಗುವುದಕ್ಕಿಂತ ಒಂದಿಷ್ಟು ಒಣ ಪದಾರ್ಥ ತಿಂದು, ಹೊರಗೆ ಬಂದು, ದೂರದ ದಿಗಂತ ನೋಡುತ್ತ ಕೂತರೆ ತಲೆ ಸಮಾಧಾನಕ್ಕೆ ಬರುತ್ತದೆ.

ರೊಟ್ಟಿ, ಕುಂದಾ, ವಿಭೂತಿ

ಎಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ: ‘ಹಡಗಿನ್ಯಾಗ ರೊಟ್ಟಿ ಸಿಗತಾವೇನು?’ ಸಿಗುವುದಿಲ್ಲ. ಸಸ್ಯಾಹಾರ ಮಾತ್ರ ಮೂರು ಹೊತ್ತೂ ಸಿಗುತ್ತದೆ, ಬಫೆಯಲ್ಲಿ ಅನ್ನ, ಭಾರತದ ಬಗೆಯ ಪಲ್ಯ, ಸಾರು ಇರುವುದುಂಟು. ಒಂದು ಎಚ್ಚರ ಬೇಕು. ಅವರ ಸಸ್ಯಾಹಾರದಲ್ಲಿ ತತ್ತಿ ಸೇರಿರುತ್ತದೆ. ಕೇಕು, ಪುಡಿಂಗು, ಕೆಲವು ಬ್ರೆಡ್ಡುಗಳು ತತ್ತಿ ಇಲ್ಲದೆ ಆಗುವುದಿಲ್ಲ, ಜೆಲ್ಲಿಯಲ್ಲಿ ಪ್ರಾಣಿಮೂಲದ ಜೆಲಾಟಿನ್ ಇರಬಹುದು, ಕೆಲವು ಚೀಸ್‌ಗಳಲ್ಲೂ ಪ್ರಾಣಿಮೂಲದ ಅಂಶವಿರುತ್ತದೆ. ಟಿಕೆಟ್ ಮಾಡಿಸುವಾಗಲೇ ಮಾಂಸ, ಮೀನು, ತತ್ತಿ ಇಲ್ಲದ, ಹಾಲು ಮೊಸರು ಆಗುವ ಊಟ ಎಂದು ಬರೆಸಿ. ಮೊದಲ ರಾತ್ರಿ ಊಟದ ಮನೆಯ ಮೇಲ್ವಿಚಾರಕರಿಗೆ ಮತ್ತೊಮ್ಮೆ ಹೇಳಿ. ಅದನ್ನು ಇಂಗ್ಲಿಷಿನಲ್ಲಿ ಒಂದು ಕಾರ್ಡಿನ ಮೇಲೆ ಬರೆದು ಅವ್ವನ ಪರ್ಸಿನಲ್ಲಿ ಇಟ್ಟರೆ ಅವರು ಯಾರನ್ನೂ ಕರೆಯದೆ ತಾವೇ ತೋರಿಸುತ್ತಾರೆ. ಹಡಗಿನ ಕೆಲಸಗಾರರಲ್ಲಿ ಗೋವಾದವರು ಸಿಗುವ ಸಂಭವ ಚೆನ್ನಾಗಿದೆ. ತಲೆತಲಾಂತರದಿಂದ ಹಡಗಿನ ಚಾಕರಿ ಮಾಡಿದ ಜನ ಅವರು. ಕೊಂಕಣಿ, ಮರಾಠಿ, ಹಿಂದಿಯ ನಾಲ್ಕು ಮಾತು ಬಲ್ಲ ನಮ್ಮ ಭಾಗದ ಹಿರಿಯರಿಗೆ ಅದು ದೊಡ್ಡ ಧೈರ್ಯ.

ಬುತ್ತಿಯ ವಿಷಯ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕಟಕ ರೊಟ್ಟಿ ಒಯ್ಯಬೇಕೆಂಬ ಆಸೆ ಸಹಜ. ಮನೆಯ ಡಬ್ಬಿಯಲ್ಲಿ ಹಾಕಿಕೊಂಡು ಹೋದರೆ ಹಡಗು ಹತ್ತುವಾಗ ತಡೆಯಬಹುದು. ನಮ್ಮ ಮಹಿಳಾ ಸಂಘಗಳು ಮಾಡಿ ಮಾರುವ, ಹೆಸರು, ಪದಾರ್ಥ, ದಿನಾಂಕ ಮುದ್ರಿಸಿ ಸೀಲ್ ಮಾಡಿದ ಪ್ಯಾಕೆಟ್‌ಗಳೇ ಒಳ್ಳೆಯದು. ಬೆಳಗಾವಿ ಕುಂದಾ, ಧಾರವಾಡ ಪೇಢೆ, ತುಪ್ಪ ಇವು ಇಂಗ್ಲೆಂಡಿನ ಗಡಿ ದಾಟುವುದೇ ಇಲ್ಲ. ಭಾರತದಂಥ ದೇಶಗಳಿಂದ ಹಾಲಿನ ಪದಾರ್ಥವನ್ನು ಪ್ರಯಾಣಿಕರು ಒಯ್ಯುವುದನ್ನು ಅಲ್ಲಿ ನಿಷೇಧಿಸಿದ್ದಾರೆ. ಹಸಿ ಕರಿಬೇವು, ಹಣ್ಣು, ತರಕಾರಿಯ ಆಸೆಯೂ ಬೇಡ. ಅಮೆರಿಕದಲ್ಲಿ ಇಳಿಯುವಾಗ ಚೀಲದಲ್ಲಿರುವ ಪ್ರತಿಯೊಂದು ತಿನಿಸನ್ನೂ ಹೇಳಬೇಕು. ಹೇಳಿದರೆ ಹೆಚ್ಚೆಂದರೆ ಕಸಿದುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ ಹಾಕುತ್ತಾರೆ. ಹಡಗಿನ ಊಟದ ಮನೆಯಿಂದ ಸೆರಗಿಗೆ ಕಟ್ಟಿಕೊಂಡ ಸೇಬು, ಬಾಳೆಹಣ್ಣಿಗೂ ಈ ಮಾತು ಅನ್ವಯಿಸುತ್ತದೆ.

ಪೂಜೆಯವರು ಒಂದು ತಿಳಿದಿರಬೇಕು: ಹಡಗಿನ ಕೋಣೆಯಲ್ಲಿ ಬೆಂಕಿ ಎಂಬುದೇ ಇಲ್ಲ. ದೀಪ, ಊದಿನಕಡ್ಡಿ, ಕರ್ಪೂರ ಯಾವುದೂ ಹಚ್ಚುವಂತಿಲ್ಲ. ನೀರು ಕಾಯಿಸುವ ಕಾಯಿಲ್, ಅನ್ನ ಬೇಯಿಸುವ ಕುಕ್ಕರ್, ಇಸ್ತ್ರಿ ಪೆಟ್ಟಿಗೆ ಒಯ್ದರೆ ತೆಗೆದಿಟ್ಟುಕೊಂಡು ಕೊನೆಗೆ ಮರಳಿಸುತ್ತಾರೆ. ನೀರಿನ ನಡುವೆ ಇರುವ ಹಡಗಿಗೆ ಬೆಂಕಿಯಷ್ಟು ಭಯ ಇನ್ನೊಂದಿಲ್ಲ, ಆದ್ದರಿಂದ ಈ ಕಟ್ಟುನಿಟ್ಟು ಸರಿಯೇ. ಇಷ್ಟಲಿಂಗ ಪೂಜೆಗೆ ವಿಭೂತಿ, ನೀರು, ಒಂದು ಸಣ್ಣ ವಸ್ತ್ರ ಸಾಕು. ಹಸಿ ಪತ್ರಿ ಗಡಿಯಲ್ಲಿ ತೊಂದರೆ ತರುತ್ತದೆ, ಅದನ್ನು ಮನೆಯಲ್ಲೇ ಬಿಡಿ. ಯಲ್ಲಮ್ಮನ ಭಂಡಾರದ ಪುಟ್ಟ ಪೊಟ್ಟಣಕ್ಕೆ ಹೊರಗೆ ಅರಿಸಿನಪುಡಿ ಎಂದು ಇಂಗ್ಲಿಷಿನಲ್ಲಿ ಬರೆದಿರಲಿ.

ಇನ್ನೊಂದು ಮಾತು, ಹೇಳಲು ಸಂಕೋಚಪಡುವಂಥದ್ದಲ್ಲ. ಶೌಚದಲ್ಲಿ ನೀರಿನ ಪೈಪು ಇರುವುದಿಲ್ಲ, ಕಾಗದವಷ್ಟೇ. ಪ್ಲಾಸ್ಟಿಕ್ಕಿನ ಹಗುರ ತಂಬಿಗೆಯೊಂದು ಚೀಲದಲ್ಲಿದ್ದರೆ ಏಳು ದಿನದ ನೆಮ್ಮದಿ.

ಅರಿವೆ

ಸಂಜೆ ಆರರ ನಂತರ ಒಳ್ಳೆಯ ಉಡುಪಿನಲ್ಲಿ ಬರಬೇಕೆಂಬುದು ಈ ಹಡಗಿನ ಹಳೆಯ ರೂಢಿ. ಏಳು ರಾತ್ರಿಯಲ್ಲಿ ಎರಡು ರಾತ್ರಿ ಗಾಲಾ, ಅಂದರೆ ಗಂಡಸರು ಕಪ್ಪು ಸೂಟು, ಹೆಂಗಸರು ನೆಲಮುಟ್ಟುವ ಗೌನು ತೊಡುವ ರಾತ್ರಿ. ಇದನ್ನು ಕೇಳಿ ಎಷ್ಟೋ ಹಿರಿಯರು ‘ನಮಗ್ಯಾಕ ಬೇಕು’ ಎಂದು ಹಿಂದೆ ಸರಿಯುತ್ತಾರೆ. ಬೇಕಿಲ್ಲ. ತಮ್ಮ ತಮ್ಮ ನಾಡಿನ ಉಡುಪನ್ನು ಹಡಗಿನ ನಿಯಮವೇ ಒಪ್ಪುತ್ತದೆ. ಟೋಪಿ ತೆನೆ ಸೆರಗಿನ ಇಳಕಲ್ ಸೀರೆ, ರಾಮದುರ್ಗದ ಮಗ್ಗದ ರೇಷ್ಮೆಯಂಚಿನ ಸೀರೆ, ಬಿಳಿ ಧೋತರ, ಗುಂಡಿ ಹಾಕಿದ ಕರಿ ಕೋಟು, ತಲೆಗೆ ರುಮಾಲು: ಇದಕ್ಕಿಂತ ಗತ್ತಿನ ಉಡುಪು ಆ ಸಭಾಂಗಣದಲ್ಲಿ ಬೇರೆ ಇರುವುದಿಲ್ಲ. ಅಪ್ಪನಿಗೆ ಹೊಸ ಸೂಟು ಹೊಲಿಸುವ ಖರ್ಚನ್ನು ಮಕ್ಕಳು ಉಳಿಸಲಿ.

ಡೆಕ್ಕಿನ ಮೇಲೆ ಜುಲೈನಲ್ಲೂ ಗಾಳಿ ಕೊರೆಯುತ್ತದೆ. ಸ್ವೆಟರ್, ಕಿವಿ ಮುಚ್ಚುವ ಟೋಪಿ, ಕಾಲುಚೀಲ, ಜಾರದ ರಬ್ಬರ್ ಅಟ್ಟೆಯ ಬೂಟು ಕಡ್ಡಾಯ. ಚಪ್ಪಲಿ ಕೋಣೆಯೊಳಗಷ್ಟೇ. ಬಟ್ಟೆ ಒಗೆಯುವ ಯಂತ್ರಗಳು ಹಡಗಿನಲ್ಲಿ ಉಚಿತ, ಇಸ್ತ್ರಿಯೂ ಅಲ್ಲೇ ಇದೆ, ನಾಲ್ಕು ಜೊತೆ ಬಟ್ಟೆ ಸಾಕು. ಹಡಗಿನಲ್ಲಿ ಸಾಮಾನಿನ ತೂಕ ಬಿಗಿಯಾಗಿ ನೋಡುವುದಿಲ್ಲ ಎಂಬ ಮಾತು ನಂಬಿ ಹೆಚ್ಚು ಹೇರಿಕೊಂಡು ಹೊರಟರೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತೀರಿ.

ಹಡಗಿನ ಮೇಲಿನ ದಿನಗಳು

ಹತ್ತಿದ ದಿನವೇ ಜೀವರಕ್ಷಣೆಯ ಕವಾಯತು. ಯಾರಿಗೂ ವಿನಾಯಿತಿಯಿಲ್ಲ. 1912ರ ಏಪ್ರಿಲ್ 10ರಂದು ಇದೇ ಸೌತಾಂಪ್ಟನ್‌ನಿಂದ ಟೈಟಾನಿಕ್ ಹೊರಟಿತ್ತು, ಅದು ಮುಳುಗಿದ ಮೇಲೆಯೇ 1914ರಲ್ಲಿ ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ ಬಂದದ್ದು. ಮಂಡಿನೋವಿನವರು ತಮ್ಮ ಕೂಡುವ ಜಾಗಕ್ಕೆ ಮೆಟ್ಟಿಲ ದಾರಿ ಯಾವುದು, ನೆರವಿಗೆ ಯಾರು ಬರುತ್ತಾರೆ ಎಂದು ಆಗಲೇ ಕೇಳಿ ಇಟ್ಟುಕೊಳ್ಳಬೇಕು.

ಮೊಬೈಲನ್ನು ಹಡಗು ಹತ್ತಿದ ಕೂಡಲೇ ಏರ್‌ಪ್ಲೇನ್ ಮೋಡಿಗೆ ಹಾಕಿ. ಹಾಕದಿದ್ದರೆ ಅದು ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ಕೂಡಿಕೊಂಡು ಕಣ್ಣು ಕೆಂಪಾಗುವಷ್ಟು ಬಿಲ್ ಬರುತ್ತದೆ. ದುಡ್ಡು ಕೊಟ್ಟರೆ ವೈಫೈ ಸಿಗುತ್ತದೆ, ದಿನಕ್ಕೊಂದು ವಾಟ್ಸ್‌ಆ್ಯಪ್ ಸಂದೇಶಕ್ಕೆ ಅದು ಬೇಕೋ ಬೇಡವೋ ನೀವೇ ನಿರ್ಧರಿಸಿ. ಹಡಗಿನೊಳಗೆ ನೋಟು ನಡೆಯುವುದಿಲ್ಲ, ಕೋಣೆಯ ಕಾರ್ಡಿಗೆ ಬರೆದುಕೊಂಡು ಕೊನೆಗೆ ಡಾಲರಿನಲ್ಲಿ ಕ್ರೆಡಿಟ್ ಕಾರ್ಡಿನಿಂದ ತೆಗೆದುಕೊಳ್ಳುತ್ತಾರೆ. ದಿನದ ಸೇವಾಶುಲ್ಕವೂ ಅದರಲ್ಲಿ ಸೇರಿರುತ್ತದೆ, ಲೆಕ್ಕಪತ್ರವನ್ನು ಎರಡು ದಿನಕ್ಕೊಮ್ಮೆ ನೋಡುತ್ತಿರಿ.

ಇಷ್ಟೆಲ್ಲ ತಯಾರಿ ಯಾತಕ್ಕೆ ಎಂದರೆ ಆ ಏಳು ದಿನಗಳಲ್ಲಿ ಏನೂ ಮಾಡದೆ ಇರಬಹುದಾದ ಸುಖಕ್ಕೆ. ಏಳನೆಯ ಅಂತಸ್ತಿನಲ್ಲಿ ಹಡಗನ್ನು ಪೂರ್ತಿ ಸುತ್ತುವ ಮರದ ಹಾದಿಯಿದೆ, ಒಂದು ಸುತ್ತಿಗೆ ಅರ್ಧ ಕಿಲೋಮೀಟರಿಗಿಂತ ಹೆಚ್ಚು. ಬೆಳಿಗ್ಗೆ ಹೊಲಕ್ಕೆ ಹೋಗಿಬಂದು ರೂಢಿಯಿರುವ ಅಪ್ಪನಿಗೆ ಅದು ಸಾಕು. ಮಧ್ಯಾಹ್ನ ಹನ್ನೆರಡಕ್ಕೆ ಹಡಗಿನ ಅಧಿಕಾರಿ ಧ್ವನಿವರ್ಧಕದಲ್ಲಿ ನಾವು ಎಲ್ಲಿದ್ದೇವೆ, ಎಷ್ಟು ದೂರ ಬಂದೆವು, ಹವೆ ಹೇಗಿದೆ ಎಂದು ಹೇಳುತ್ತಾರೆ. ಅಪ್ಪನಿಗೆ ಒಂದು ನಕ್ಷೆ, ಒಂದು ಪೆನ್ಸಿಲ್ ಕೊಟ್ಟು ಕಳಿಸಿ. ದಿನಾ ಗುರುತು ಹಾಕುತ್ತ ಹೋದರೆ ಮಕ್ಕಳು ಎಷ್ಟು ದೂರ ಹೋಗಿ ನೆಲೆಸಿದ್ದಾರೆ ಎಂಬುದು ಮೊದಲ ಸಲ ಕಣ್ಣಿಗೆ ಬೀಳುತ್ತದೆ. ದೊಡ್ಡ ಗ್ರಂಥಾಲಯವಿದೆ, ತಾರಾಲಯವಿದೆ, ಮೂರೂವರೆಯ ಹೊತ್ತಿಗೆ ವಾದ್ಯಗಳ ಜೊತೆಗೆ ಚಹಾ. ಕನ್ನಡ ಪುಸ್ತಕಗಳನ್ನು ಮಾತ್ರ ಮನೆಯಿಂದಲೇ ಒಯ್ಯಬೇಕು.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಮರುದಿನ ಉಡುವ ಬಟ್ಟೆ, ಪಾಸ್‌ಪೋರ್ಟು, ಗುಳಿಗೆ, ಕನ್ನಡಕ, ಹಲ್ಲಿನ ಸೆಟ್ಟು ಇವನ್ನು ಒಳಗಿಟ್ಟುಕೊಂಡೇ ಉ‍ಳಿದದ್ದನ್ನು ಹೊರಗಿಡಿ. ಬೇಗ ಮಲಗಿ, ನಸುಕಿನಲ್ಲೇ ಎದ್ದು ಬೆಚ್ಚಗೆ ಸುತ್ತಿಕೊಂಡು ಡೆಕ್ಕಿಗೆ ಬನ್ನಿ. ಬೆಳಕು ಹರಿಯುವ ಮುಂಚೆ ಹಡಗು ವೆರಝಾನೊ ಸೇತುವೆಯ ಕೆಳಗೆ ಹಾಯುತ್ತದೆ. ಚಿಮಣಿ ಸೇತುವೆಗೆ ಬಡಿದೇಬಿಟ್ಟಿತು ಎನ್ನಿಸುವಷ್ಟು ಕಡಿಮೆ ಅಂತರ. ಆಮೇಲೆ ಸ್ವಾತಂತ್ರ್ಯ ದೇವಿಯ ಪ್ರತಿಮೆ. ಬ್ರೂಕ್ಲಿನ್‌ನ ರೆಡ್ ಹುಕ್ ಕಟ್ಟೆಯಲ್ಲಿ ಇಳಿದ ಮೇಲೆ ವಲಸೆ ಅಧಿಕಾರಿಗಳ ಸಾಲು. ಮಗಳ ವಿಳಾಸ, ಫೋನು, ಮರಳಿ ಬರುವ ವಿಮಾನದ ಟಿಕೆಟ್ ಕೈಯಲ್ಲೇ ಇರಲಿ, ಎಷ್ಟು ದಿನ ಇರುತ್ತೀರಿ ಎಂದು ಕೇಳಿದರೆ ಟಿಕೆಟ್‌ನಲ್ಲಿರುವ ದಿನವನ್ನೇ ಹೇಳಿ. ಅಲ್ಲಿಂದ ಡಲ್ಲಾಸ್‌ಗೋ ಕ್ಯಾಲಿಫೋರ್ನಿಯಾಕ್ಕೋ ಹೋಗುವವರು ಮಧ್ಯಾಹ್ನ ಎರಡರ ನಂತರದ ವಿಮಾನ ಹಿಡಿಯಿರಿ, ಕರೆದೊಯ್ಯಲು ಬರುವ ಮಕ್ಕಳಿಗೆ ಒಂಬತ್ತೂವರೆಗಿಂತ ಮುಂಚೆ ಬರಬೇಡಿ ಎಂದು ಮೊದಲೇ ತಿಳಿಸಿ.